ಹತ್ತೊಂಬತ್ತು ಒಂದುಗಳ ಹಾರ

ಚಿತ್ರದುರ್ಗದಿಂದ ಹಿರಿಯೂರಿನ ಕಡೆಗೆ ಹೆದ್ದಾರಿಯಲ್ಲಿ ಸಾಗುವವರಿಗೆ ನಡುವೆ ಐಮಂಗಲ ಎಂಬ ಊರು ಎದುರಾಗುತ್ತದೆ. ಮಳೆ ಕಡಿಮೆ ಬೀಳುವ ಬಯಲುಸೀಮೆ ಅದು. ಶೇಂಗಾ, ರಾಗಿ, ಜೋಳಗಳು ಆ ಸೀಮೆಯ ಬೆಳೆಗಳು. ಸುಗ್ಗಿಯ ಕಾಲದಲ್ಲಿ ಅಲ್ಲಿಯ ಒಂದು ಮನೆಯ ಅಂಗಳದಲ್ಲಿ ಬಾಲಕನೊಬ್ಬನು ಸುಲಿದ ಶೇಂಗಾ ಬೀಜಗಳನ್ನು ಸಾಲುಸಾಲಾಗಿ ಜೋಡಿಸುತ್ತ ಕುಳಿತಿರುವನೆಂದು ಭಾವಿಸಬಹುದು. ಅವನ ಮುಂದೆ ಹನ್ನೆರಡು ಬೀಜಗಳಿವೆ. ಆರಾರು ಬೀಜಗಳ ಎರಡು ಸಾಲುಗಳನ್ನು ಮಾಡಿದರೆ ಸಾಲುಗಳು ಸಮನಾಗುತ್ತವೆ. ನಾಲ್ಕು ನಾಲ್ಕರಂತೆ ಮೂರು ಸಾಲುಗಳನ್ನು ಮಾಡಿದರೂ ಸಮನಾಗುತ್ತವೆ. ಅಷ್ಟರಲ್ಲಿ ಅವನ ಕೈಗೆ ಇನ್ನೊಂದು ಬೀಜ ಸಿಗುತ್ತದೆ. ಈಗ ಬೀಜಗಳು ಹದಿಮೂರು. ಎರಡು ಸಾಲು ಮಾಡಿದರೆ ಒಂದು ಉಳಿಯುತ್ತದೆ. ಮೂರು ಸಾಲು ಮಾಡಿದರೂ ಒಂದು ಉಳಿಯುತ್ತದೆ. ನಾಲ್ಕು ಮಾಡಿದರೂ ಅಷ್ಟೇ. ಐದು ಸಾಲುಗಳಲ್ಲಿ ಮೂರು ಬೀಜಗಳು ಉಳಿಯುತ್ತವೆ. ಆರು ಸಾಲುಗಳಲ್ಲಿ ಮತ್ತೆ ಒಂದು. ಕೊನೆಗೆ ಹದಿಮೂರನ್ನೂ ಒಂದೇ ಸಾಲಿನಲ್ಲಿ ಇಡುವುದರ ಹೊರತು ಅವನಿಗೆ ಬೇರೆ ದಾರಿಯಿಲ್ಲ. ಹೆಚ್ಚಾದದ್ದು ಒಂದೇ ಬೀಜ. ಬದಲಾದದ್ದು ಸಂಖ್ಯೆಯ ಸ್ವಭಾವ.

ಹೀಗೆ ಸಮನಾದ ಸಾಲುಗಳಿಗೆ ಒಗ್ಗದೆ, ಒಂದರಿಂದ ಮತ್ತು ತನ್ನಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವ, ಒಂದಕ್ಕಿಂತ ದೊಡ್ಡ ಸಂಖ್ಯೆಯನ್ನು ಗಣಿತಶಾಸ್ತ್ರದಲ್ಲಿ ಅವಿಭಾಜ್ಯ ಸಂಖ್ಯೆ ಎನ್ನುತ್ತಾರೆ. 2, 3, 5, 7, 11, 13 ಇವು ಆ ಕುಲದ ಮೊದಲ ಸಂಖ್ಯೆಗಳು. ಒಂದಕ್ಕಿಂತ ದೊಡ್ಡವಾದ ಉಳಿದ ಸಂಖ್ಯೆಗಳೆಲ್ಲವೂ ಭಾಜ್ಯ ಸಂಖ್ಯೆಗಳು. ಯಾವ ಭಾಜ್ಯ ಸಂಖ್ಯೆಯನ್ನು ತೆಗೆದುಕೊಂಡರೂ ಅದನ್ನು ಅವಿಭಾಜ್ಯಗಳ ಗುಣಲಬ್ಧವಾಗಿ ಬರೆಯಬಹುದು. ಹಾಗೆ ಬರೆಯುವ ರೀತಿಯೂ ಒಂದೇ. 360 ಎಂಬ ಸಂಖ್ಯೆಯನ್ನು ಯಾರು ಎಲ್ಲಿ ಬಿಡಿಸಿದರೂ 2×2×2×3×3×5 ಎಂದೇ ದೊರೆಯುತ್ತದೆ. ಗೋಡೆಗೆ ಇಟ್ಟಿಗೆಗಳಿರುವಂತೆ ಸಂಖ್ಯಾಲೋಕಕ್ಕೆ ಅವಿಭಾಜ್ಯಗಳು.

ಈ ಇಟ್ಟಿಗೆಗಳು ಎಷ್ಟಿವೆ? ನೂರರೊಳಗೆ 25, ಸಾವಿರದೊಳಗೆ 168, ಹತ್ತು ಸಾವಿರದೊಳಗೆ 1,229. ಮುಂದೆ ಹೋದಂತೆ ಅವು ವಿರಳವಾಗುತ್ತವೆ. ಹಾಗಾದರೆ ಎಲ್ಲಿಯೋ ಒಂದು ಕಡೆ ಅವು ಮುಗಿದೇ ಹೋಗಬಹುದಲ್ಲವೆ? ಇಲ್ಲ ಎಂದು ಕ್ರಿಸ್ತಪೂರ್ವ 300ರ ಸುಮಾರಿನಲ್ಲಿಯೇ ಗ್ರೀಕ್ ಪಂಡಿತನಾದ ಯೂಕ್ಲಿಡನು ತೋರಿಸಿದನು. ಅವನ ವಾದ ಸರಳವಾದುದು. ತಿಳಿದಿರುವ ಅವಿಭಾಜ್ಯಗಳನ್ನೆಲ್ಲ ಒಂದಕ್ಕೊಂದು ಗುಣಿಸಿ, ಬಂದ ಸಂಖ್ಯೆಗೆ ಒಂದನ್ನು ಕೂಡಿಸಬೇಕು. ಹೊಸ ಸಂಖ್ಯೆಯನ್ನು ತಿಳಿದ ಯಾವ ಅವಿಭಾಜ್ಯದಿಂದ ಭಾಗಿಸಿದರೂ ಒಂದು ಉಳಿಯುತ್ತದೆ. ಆದುದರಿಂದ ಅದು ತಾನೇ ಅವಿಭಾಜ್ಯವಾಗಿರಬೇಕು, ಇಲ್ಲವೆ ಇದುವರೆಗೆ ಪಟ್ಟಿಯಲ್ಲಿಲ್ಲದ ಅವಿಭಾಜ್ಯವೊಂದು ಅದನ್ನು ಭಾಗಿಸಬೇಕು. 2×3×5×7×11×13ಕ್ಕೆ ಒಂದನ್ನು ಕೂಡಿಸಿದರೆ 30,031 ಬರುತ್ತದೆ. ಅದು 59×509 ಆಗಿದೆ. ಎರಡೂ ಹೊಸ ಅವಿಭಾಜ್ಯಗಳೇ. ಪಟ್ಟಿ ಎಷ್ಟೇ ಉದ್ದವಾಗಿರಲಿ, ಅದರ ಹೊರಗೆ ಒಂದಾದರೂ ಉಳಿದೇ ಉಳಿಯುತ್ತದೆ. ಅವಿಭಾಜ್ಯಗಳಿಗೆ ಕೊನೆಯಿಲ್ಲ.

ಕೊನೆಯಿಲ್ಲವೆಂದು ತಿಳಿಯುವುದು ಒಂದು ಮಾತು. ದೊಡ್ಡ ಸಂಖ್ಯೆಯೊಂದನ್ನು ಮುಂದಿಟ್ಟುಕೊಂಡು ಇದು ಅವಿಭಾಜ್ಯ ಎಂದು ಕೈಮುಟ್ಟಿ ಹೇಳುವುದು ಬೇರೆಯೇ ಮಾತು. ಆ ಕಷ್ಟವೇನೆಂಬುದನ್ನು ಕನ್ನಡ ನಾಡಿನಲ್ಲಿಯೇ ಹುಟ್ಟಿದ ಒಂದು ಗಣಿತಗ್ರಂಥದ ಸೊಗಸಿನಿಂದ ಆರಂಭಿಸಿ ತಿಳಿಯಬಹುದು.

ಕ್ರಿಸ್ತಶಕ 850ರ ಸುಮಾರಿನಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞನು ‘ಗಣಿತಸಾರಸಂಗ್ರಹ’ವೆಂಬ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. ಗ್ರಂಥದ ಮೊದಲಲ್ಲಿ ಅವನು ಅಮೋಘವರ್ಷನನ್ನು ಕೊಂಡಾಡಿದ್ದಾನೆ. ಸಾವಿರಕ್ಕೂ ಹೆಚ್ಚು ಶ್ಲೋಕಗಳ ಈ ಕೃತಿಯನ್ನು ಮದರಾಸಿನ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಸಂಪಾದಿಸಿ, 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಮಹಾವೀರನ ತರುವಾಯ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ ಮುಂತಾದ ಗ್ರಂಥಗಳಿಂದ ಗಣಿತವನ್ನು ಕನ್ನಡದಲ್ಲಿಯೇ ಹೇಳಿದನು. ಲೆಕ್ಕವೆಂಬುದು ಈ ನಾಡಿಗೆ ಹೊರಗಿನಿಂದ ಬಂದ ಅತಿಥಿಯಲ್ಲ.

ಮಹಾವೀರಾಚಾರ್ಯನು ಗುಣಾಕಾರವನ್ನು ಕಲಿಸುವಾಗ ಬರಿಯ ಒಣ ಲೆಕ್ಕಗಳನ್ನು ಕೊಡಲಿಲ್ಲ. ಗುಣಿಸಿ ಮುಗಿಸಿದಾಗ ವಿದ್ಯಾರ್ಥಿಯ ಮುಖ ಅರಳಬೇಕೆಂಬಂತೆ ಅವನು ಸಂಖ್ಯೆಗಳನ್ನು ಆರಿಸಿದನು. 139ನ್ನು 109ರಿಂದ ಗುಣಿಸಿದರೆ 15,151 ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 2,79,94,681ನ್ನು 441ರಿಂದ ಗುಣಿಸಿದರೆ 12345654321 ಎಂಬ, ಆರರವರೆಗೆ ಏರಿ ಮತ್ತೆ ಇಳಿಯುವ ಸಂಖ್ಯೆ ಮೂಡುತ್ತದೆ. 1,52,207ನ್ನು 73ರಿಂದ ಗುಣಿಸಿದರೆ 11111111 ದೊರೆಯುತ್ತದೆ. ಎಂಟೂ ಒಂದುಗಳೇ! 1,23,45,679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು ಸಾಲಾಗಿ ನಿಲ್ಲುತ್ತವೆ. ಇಂಥ ಸಂಖ್ಯೆಗಳನ್ನು ಅವನು ಕೊರಳ ಹಾರಗಳಿಗೆ ಹೋಲಿಸಿದ್ದಾನೆ. ಒಂದೇ ಗಾತ್ರದ ಮುತ್ತುಗಳನ್ನು ಪೋಣಿಸಿದ ಹಾರಕ್ಕೂ ಒಂದೇ ಅಂಕಿ ಸಾಲುಗೊಂಡ ಸಂಖ್ಯೆಗೂ ನಡುವೆ ಅವನ ಕಣ್ಣಿಗೆ ಭೇದ ತೋರಲಿಲ್ಲ.

ಮಹಾವೀರನು ಗುಣಿಸಿ ಹಾರವನ್ನು ಕಟ್ಟಿದನು. ಈಗ ಅದೇ ಹಾರವನ್ನು ಬಿಚ್ಚಿ ನೋಡಬಹುದು. ಒಂದುಗಳಿಂದಲೇ ಆದ ಸಂಖ್ಯೆಗಳಲ್ಲಿ ಭಾಗವಾಗದೆ ನಿಲ್ಲುವಂಥವು ಯಾವುವು?

ಎರಡು ಒಂದುಗಳ ಸಂಖ್ಯೆ 11, ಅದು ಅವಿಭಾಜ್ಯ. ಮೂರು ಒಂದುಗಳ 111 ಮಾತ್ರ 3×37. ನಾಲ್ಕು ಒಂದುಗಳ 1,111 ಎಂಬುದು 11×101. ಇಲ್ಲಿ ಒಂದು ನಿಯಮ ಹೊಳೆಯುತ್ತದೆ. ಆರು ಮುತ್ತುಗಳ ಹಾರವನ್ನು ಎರಡೆರಡು ಮುತ್ತುಗಳ ಮೂರು ಗೊಂಚಲುಗಳಾಗಿ ಎಣಿಸಬಹುದು. ಹಾಗೆಯೇ 111111 ಎಂಬ ಸಂಖ್ಯೆಯಲ್ಲಿ 11 ಮೂರು ಸಲ ಬಂದಿದೆ. ಆದುದರಿಂದ ಅದು 11×10,101 ಆಗುತ್ತದೆ. ಮೂರು ಮೂರರ ಗೊಂಚಲು ಮಾಡಿದರೆ 111×1,001 ಆಗುತ್ತದೆ. ಅಂದರೆ ಒಂದುಗಳ ಎಣಿಕೆಯೇ ಭಾಜ್ಯವಾಗಿದ್ದರೆ ಆ ಸಂಖ್ಯೆಯೂ ಭಾಜ್ಯವೇ. ಮಹಾವೀರನ ಎಂಟು ಒಂದುಗಳ ಹಾರವನ್ನು ಕೊನೆಯವರೆಗೆ ಬಿಡಿಸಿದರೆ 11×73×101×137 ಎಂಬ ನಾಲ್ಕು ಅವಿಭಾಜ್ಯಗಳು ಸಿಗುತ್ತವೆ. ಹಾರ ಅವಿಭಾಜ್ಯವಾಗಬೇಕಾದರೆ ಮುತ್ತುಗಳ ಎಣಿಕೆಯೂ ಅವಿಭಾಜ್ಯವಾಗಿರಲೇಬೇಕು.

ಎಣಿಕೆ ಅವಿಭಾಜ್ಯವಾದರೆ ಸಾಕೆ? ಸಾಲದು. ಐದು ಒಂದುಗಳು 41×271 ಎಂದು ಒಡೆಯುತ್ತವೆ. ಏಳು ಒಂದುಗಳು 239×4,649. ಹನ್ನೊಂದು ಒಂದುಗಳು 21,649×5,13,239. ಹದಿಮೂರು ಒಂದುಗಳಲ್ಲಿ 53, 79 ಮತ್ತು 26,53,71,653 ಎಂಬ ಮೂರು ಅವಿಭಾಜ್ಯಗಳು ಅಡಗಿವೆ. ಹದಿನೇಳು ಒಂದುಗಳು ಸುಲಭವಾಗಿ ಮಣಿಯುವುದಿಲ್ಲ. ಆದರೂ ಅವು 20,71,723×536,32,22,357 ಎಂದು ಬಿಡಿಸಿಕೊಳ್ಳುತ್ತವೆ. ಒಂದರ ಹಿಂದೊಂದು ಹಾರ ಹರಿಯುತ್ತ ಬಂದು, ಹತ್ತೊಂಬತ್ತಕ್ಕೆ ಬಂದಾಗ ಮಾತ್ರ ದಾರ ಗಟ್ಟಿಯಾಗಿ ನಿಲ್ಲುತ್ತದೆ.

1111111111111111111

ಹನ್ನೊಂದು ಸಾವಿರ ಕೋಟಿ ಕೋಟಿಗೂ ಮಿಗಿಲಾದ ಈ ಸಂಖ್ಯೆ ಅವಿಭಾಜ್ಯ. ಹನ್ನೊಂದರ ನಂತರ ಒಂದುಗಳಿಂದಲೇ ಆದ ಅವಿಭಾಜ್ಯ ಇದೇ. ನಡುವೆ ಒಂದೂ ಇಲ್ಲ.

ಇದು ಅವಿಭಾಜ್ಯವೆಂದು ತಿಳಿದದ್ದು ಹೇಗೆ? ಚಿಕ್ಕ ಸಂಖ್ಯೆಗಳನ್ನು ಪರೀಕ್ಷಿಸುವ ಕ್ರಮ ಎಲ್ಲರಿಗೂ ಗೊತ್ತಿದೆ. ಸಂಖ್ಯೆಯ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸುತ್ತ ಹೋಗಬೇಕು. ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದಿದ್ದರೆ ಅದು ಅವಿಭಾಜ್ಯ. ವರ್ಗಮೂಲವನ್ನು ದಾಟುವ ಅಗತ್ಯವಿಲ್ಲ. ಏಕೆಂದರೆ ಎರಡು ಅಪವರ್ತನಗಳಲ್ಲಿ ಒಂದಾದರೂ ವರ್ಗಮೂಲಕ್ಕಿಂತ ಹೆಚ್ಚಾಗಿರಲಾರದು. ಹತ್ತೊಂಬತ್ತು ಒಂದುಗಳ ವರ್ಗಮೂಲ ಸುಮಾರು 105 ಕೋಟಿ. ಅಷ್ಟರೊಳಗೆ ಐದು ಕೋಟಿಗೂ ಹೆಚ್ಚು ಅವಿಭಾಜ್ಯಗಳಿವೆ. ಒಬ್ಬನು ಊಟ ನಿದ್ರೆಗಳನ್ನು ಬಿಟ್ಟು ನಿಮಿಷಕ್ಕೊಂದರಂತೆ ಭಾಗಾಕಾರ ಮಾಡಿದರೂ ಅವನ್ನು ಮುಗಿಸಲು ಸುಮಾರು ನೂರು ವರ್ಷಗಳು ಬೇಕು. ಒಂದು ಜನ್ಮದ ಲೆಕ್ಕ ಇದಲ್ಲ.

ಎಲ್ಲಿ ತೋಳ್ಬಲ ಸೋಲುವುದೋ ಅಲ್ಲಿ ಬುದ್ಧಿ ಕೈಹಿಡಿಯಬೇಕು. ಮೇಲೆ ಕಂಡ ಅಪವರ್ತನಗಳನ್ನು ಇನ್ನೊಮ್ಮೆ ನೋಡಿದರೆ ಅಚ್ಚರಿಯೊಂದು ಕಾಣುತ್ತದೆ. ಐದು ಒಂದುಗಳ ಅಪವರ್ತನಗಳಾದ 41, 271 ಇವುಗಳನ್ನು ಐದರ ಎರಡರಷ್ಟಾದ 10ರಿಂದ ಭಾಗಿಸಿದರೆ 1 ಉಳಿಯುತ್ತದೆ. ಏಳು ಒಂದುಗಳ 239 ಮತ್ತು 4,649ನ್ನು 14ರಿಂದ ಭಾಗಿಸಿದರೂ 1 ಉಳಿಯುತ್ತದೆ. ಹದಿಮೂರರ 53 ಮತ್ತು 79ನ್ನು 26ರಿಂದ ಭಾಗಿಸಿದರೂ ಹಾಗೆಯೇ. ಇದು ಆಕಸ್ಮಿಕವಲ್ಲ. 1640ರಲ್ಲಿ ಫ್ರಾನ್ಸಿನ ಪಿಯರ್ ಫರ್ಮಾ ಎಂಬ ನ್ಯಾಯವಾದಿ ಗಣಿತಜ್ಞನು ತಿಳಿಸಿದ ಪ್ರಸಿದ್ಧ ನಿಯಮವೊಂದರ ಫಲ ಇದು. ಆ ನಿಯಮದಂತೆ, ಒಂದುಗಳ ಎಣಿಕೆ ಮೂರಕ್ಕಿಂತ ಹೆಚ್ಚಿನ ಅವಿಭಾಜ್ಯವಾಗಿದ್ದರೆ, ಆ ಸಂಖ್ಯೆಯ ಪ್ರತಿಯೊಂದು ಅವಿಭಾಜ್ಯ ಅಪವರ್ತನವನ್ನೂ ಎಣಿಕೆಯ ಎರಡರಷ್ಟರಿಂದ ಭಾಗಿಸಿದಾಗ 1 ಉಳಿಯಲೇಬೇಕು.

ಆದುದರಿಂದ ಹತ್ತೊಂಬತ್ತು ಒಂದುಗಳನ್ನು ಒಡೆಯುವ ಅವಿಭಾಜ್ಯವೇನಾದರೂ ಇದ್ದರೆ ಅದು 38ರಿಂದ ಭಾಗಿಸಿದಾಗ 1 ಉಳಿಯುವಂಥದೇ ಆಗಿರಬೇಕು. ಅಂಥವುಗಳಲ್ಲಿ ಮೊದಲನೆಯದು 191, ಎರಡನೆಯದು 229. ಅವೆರಡಕ್ಕಿಂತ ಚಿಕ್ಕವನ್ನಾಗಲಿ, ಅವುಗಳ ನಡುವಿನವನ್ನಾಗಲಿ ಪರೀಕ್ಷಿಸಬೇಕಾಗಿಯೇ ಇಲ್ಲ. ಒಂದೇ ಮಾತಿನಿಂದ ಕೆಲಸ ಹದಿನೆಂಟರಲ್ಲಿ ಒಂದು ಪಾಲಿಗೆ ಇಳಿಯಿತು. ನೂರು ವರ್ಷಗಳ ಲೆಕ್ಕ ಐದಾರು ವರ್ಷಗಳ ಲೆಕ್ಕವಾಯಿತು. ಇನ್ನೂ ಸೂಕ್ಷ್ಮವಾದ ನಿಯಮಗಳು ಅದನ್ನು ಮತ್ತಷ್ಟು ಕುಗ್ಗಿಸುತ್ತವೆ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಹೊಪ್ಪೆ ಎಂಬವರು ಈ ಸಂಖ್ಯೆ ಅವಿಭಾಜ್ಯವೆಂಬುದನ್ನು ಸಿದ್ಧಪಡಿಸಿದರು. ಆಗ ಗಣಕಯಂತ್ರಗಳು ಇನ್ನೂ ಹುಟ್ಟಿರಲಿಲ್ಲ.

ಈ ಸಂಖ್ಯೆಯ ಗುಣಗಳು ಅವಿಭಾಜ್ಯತೆಯೊಂದರಲ್ಲಿಯೇ ಮುಗಿಯುವುದಿಲ್ಲ. 113 ಎಂಬ ಅವಿಭಾಜ್ಯದ ಅಂಕಿಗಳನ್ನು ಸ್ಥಾನ ಬದಲಿಸಿ ಬರೆದರೆ 131, 311 ಎಂಬ ಅವಿಭಾಜ್ಯಗಳೇ ಬರುತ್ತವೆ. ಇಂಥ ಸಂಖ್ಯೆಗಳು ಬಹಳ ಅಪರೂಪ. ಹತ್ತೊಂಬತ್ತು ಒಂದುಗಳಿಗೆ ಈ ಗುಣ ಸಹಜವಾಗಿಯೇ ಇದೆ. ಅಂಕಿಗಳನ್ನು ಹೇಗೆ ಅದಲುಬದಲು ಮಾಡಿದರೂ ಸಂಖ್ಯೆ ಅದೇ ಆಗಿರುತ್ತದೆ. ಇನ್ನೊಂದು ಗುಣ ಇದಕ್ಕಿಂತಲೂ ಸ್ವಾರಸ್ಯವಾದುದು. ಒಂದನ್ನು 7ರಿಂದ ಭಾಗಿಸಿದರೆ ದಶಮಾಂಶದಲ್ಲಿ 142857 ಎಂಬ ಆರು ಅಂಕಿಗಳು ಮರಳಿ ಮರಳಿ ಬರುತ್ತವೆ. 41ರಿಂದ ಭಾಗಿಸಿದರೆ 02439 ಎಂಬ ಐದು ಅಂಕಿಗಳು, 271ರಿಂದ ಭಾಗಿಸಿದರೆ 00369 ಎಂಬ ಐದು ಅಂಕಿಗಳು ಮರಳುತ್ತವೆ. ಐದು ಅಂಕಿಗಳು ಮರಳುವ ಅವಿಭಾಜ್ಯಗಳು ಹೀಗೆ ಎರಡಿವೆ. ಒಂದನ್ನು ಹತ್ತೊಂಬತ್ತು ಒಂದುಗಳಿಂದ ಭಾಗಿಸಿದರೆ ಹದಿನೆಂಟು ಸೊನ್ನೆಗಳು ಸಾಲಾಗಿ ಬಂದು, ಹತ್ತೊಂಬತ್ತನೆಯ ಸ್ಥಾನದಲ್ಲಿ ಒಂದು 9 ಬರುತ್ತದೆ. ಮತ್ತೆ ಹದಿನೆಂಟು ಸೊನ್ನೆಗಳು, ಮತ್ತೆ 9. ಹತ್ತೊಂಬತ್ತು ಅಂಕಿಗಳು ಹೀಗೆ ಮರಳುವ ಅವಿಭಾಜ್ಯ ಸಂಖ್ಯಾಲೋಕದಲ್ಲಿ ಇದೊಂದೇ. ಇದಕ್ಕೆ ಜೊತೆಗಾರರಿಲ್ಲ.

ಇದರ ಮುಂದಿನ ಹಾರ ಇಪ್ಪತ್ತಮೂರು ಒಂದುಗಳದು, ಅದೂ ಅವಿಭಾಜ್ಯ. ಆಮೇಲೆ ಬಹುದೂರ ಬಯಲು. 317 ಒಂದುಗಳ ಸಂಖ್ಯೆ ಅವಿಭಾಜ್ಯವೆಂದು 1970ರ ದಶಕದಲ್ಲಿಯೂ, 1,031 ಒಂದುಗಳ ಸಂಖ್ಯೆ ಅವಿಭಾಜ್ಯವೆಂದು 1986ರಲ್ಲಿಯೂ ಗಣಕಯಂತ್ರಗಳ ನೆರವಿನಿಂದ ಸಿದ್ಧವಾಯಿತು. ಇಂಥ ಹಾರಗಳಿಗೆ ಕೊನೆಯಿದೆಯೇ ಇಲ್ಲವೇ ಎಂಬುದು ಇನ್ನೂ ಬಿಡಿಸದ ಒಗಟು.

ಗಣಿತದಲ್ಲಿ ನಂಬಿಕೆಗೂ ಸಾಧನೆಗೂ ನಡುವೆ ಇರುವ ಅಂತರವನ್ನು ಇನ್ನೊಂದು ಪ್ರಸಂಗ ಚೆನ್ನಾಗಿ ತೋರಿಸುತ್ತದೆ. ಫ್ರಾನ್ಸಿನ ಮರ್ಸೆನ್ ಎಂಬ ಸಂನ್ಯಾಸಿಯು ಎರಡನ್ನು ಎರಡರಿಂದ ಮತ್ತೆ ಮತ್ತೆ ಗುಣಿಸಿ, ಬಂದುದರಿಂದ ಒಂದನ್ನು ಕಳೆದಾಗ ದೊರೆಯುವ ಸಂಖ್ಯೆಗಳನ್ನು ಕುರಿತು ಆಲೋಚಿಸಿದನು. 3, 7, 31, 127 ಇವು ಅಂಥ ಅವಿಭಾಜ್ಯಗಳು. 1644ರಲ್ಲಿ ಅವನು 257ನೆಯ ಘಾತದವರೆಗೆ ಎಲ್ಲೆಲ್ಲಿ ಅವಿಭಾಜ್ಯ ಬರುತ್ತದೆ ಎಂಬ ಪಟ್ಟಿಯನ್ನು ಕೊಟ್ಟನು. ಅವನು ವಿದ್ವಾಂಸನಾಗಿದ್ದುದರಿಂದ ಜನ ಪಟ್ಟಿಯನ್ನು ಗೌರವಿಸಿದರು. 31ನೆಯ ಘಾತದ ಬಗ್ಗೆ ಅವನ ಮಾತು ನಿಜವೆಂದು 1772ರಲ್ಲಿ ಆಯ್ಲರನು ತೋರಿಸಿದನು. ಆ ಸಂಖ್ಯೆ 214,74,83,647. ಆಯ್ಲರನಿಗೆ ಆ ವೇಳೆಗೆ ಕಣ್ಣಿನ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು. 1876ರಲ್ಲಿ ಲೂಕಾ ಎಂಬವರು 127ನೆಯ ಘಾತದಿಂದ ಬರುವ, ಮೂವತ್ತೊಂಬತ್ತು ಅಂಕಿಗಳ ಸಂಖ್ಯೆ ಅವಿಭಾಜ್ಯವೆಂದು ಸಾಧಿಸಿದರು. ಆದರೆ ಅವರ ವಿಧಾನದಿಂದಲೇ 67ನೆಯ ಘಾತದ ಸಂಖ್ಯೆ ಭಾಜ್ಯವೆಂಬುದೂ ತಿಳಿಯಿತು. ಮರ್ಸೆನ್ ಅಲ್ಲಿ ತಪ್ಪಿದ್ದನು. ಭಾಜ್ಯವೇನೋ ನಿಜ, ಅದರ ಅಪವರ್ತನಗಳು ಯಾವುವು? ಅದು ಯಾರಿಗೂ ತಿಳಿಯಲಿಲ್ಲ.

1903ರ ಅಕ್ಟೋಬರ್ 31ರಂದು ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಎಂಬ ಪ್ರಾಧ್ಯಾಪಕರು ಕರಿಹಲಗೆಯ ಬಳಿಗೆ ಹೋದರು. ಒಂದು ಮಾತನ್ನೂ ಆಡದೆ ಅವರು ಎರಡರ 67ನೆಯ ಘಾತವನ್ನು ಕಂಡು, ಒಂದನ್ನು ಕಳೆದು 147573952589676412927 ಎಂದು ಬರೆದರಂತೆ. ಆಮೇಲೆ ಹಲಗೆಯ ಇನ್ನೊಂದು ಕಡೆಗೆ ಹೋಗಿ 193707721 ಮತ್ತು 761838257287 ಎಂಬ ಸಂಖ್ಯೆಗಳನ್ನು ಬರೆದು ಗುಣಿಸತೊಡಗಿದರಂತೆ. ಗುಣಾಕಾರ ಮುಗಿದಾಗ ಎರಡು ಕಡೆಯೂ ಒಂದೇ ಸಂಖ್ಯೆ ನಿಂತಿತು. ಕೋಲ್ ಅವರು ಮೌನವಾಗಿಯೇ ತಮ್ಮ ಸ್ಥಳಕ್ಕೆ ಮರಳಿದರು. ಸಭಿಕರು ಚಪ್ಪಾಳೆ ತಟ್ಟಿದರು. ಇದಕ್ಕೆ ಎಷ್ಟು ಕಾಲ ಬೇಕಾಯಿತೆಂದು ಕೇಳಿದಾಗ, ಮೂರು ವರ್ಷಗಳ ಭಾನುವಾರಗಳು ಎಂದು ಅವರು ಉತ್ತರಿಸಿದರೆಂದು ಹೇಳುತ್ತಾರೆ. ಆ ಗುಣಾಕಾರವನ್ನು ಇಂದು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೂ ಅರ್ಧ ಗಂಟೆಯಲ್ಲಿ ಮಾಡಿ ಸರಿನೋಡಬಲ್ಲನು. ಕಟ್ಟುವುದು ಸುಲಭ, ಬಿಚ್ಚುವುದು ಕಷ್ಟ. ಅವಿಭಾಜ್ಯಗಳ ಗುಟ್ಟೆಲ್ಲ ಇಷ್ಟೇ.

ಈ ಗುಟ್ಟಿನಿಂದ ಲೋಕಕ್ಕೆ ಏನು ಪ್ರಯೋಜನ ಎಂದು ಕೇಳುವವರು ಎಲ್ಲ ಕಾಲದಲ್ಲಿಯೂ ಇದ್ದರು. ರಾಮಾನುಜನ್ನರ ಪ್ರತಿಭೆಯನ್ನು ಗುರುತಿಸಿದ ಹಾರ್ಡಿಯವರು, ಸಂಖ್ಯಾಶಾಸ್ತ್ರದಿಂದ ಯುದ್ಧಕ್ಕೆ ಉಪಯೋಗವಾಗುವಂಥದು ಏನೂ ಹುಟ್ಟಿಲ್ಲವೆಂದು 1940ರಲ್ಲಿ ಸಮಾಧಾನದಿಂದ ಬರೆದರು. ಕಾಲ ಬೇರೆ ಉತ್ತರವನ್ನು ಕೊಟ್ಟಿತು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್ಮನ್ ಎಂಬ ಮೂವರು ವಿಜ್ಞಾನಿಗಳು ನೂರಾರು ಅಂಕಿಗಳ ಎರಡು ಅವಿಭಾಜ್ಯಗಳನ್ನು ಗುಣಿಸಿ, ಆ ಗುಣಲಬ್ಧವನ್ನು ಬೀಗವನ್ನಾಗಿ ಬಳಸುವ ಉಪಾಯವನ್ನು ಕಂಡುಹಿಡಿದರು. ಗುಣಲಬ್ಧವನ್ನು ಎಲ್ಲರಿಗೂ ತಿಳಿಸಬಹುದು. ಬೀಗವನ್ನು ಯಾರು ಬೇಕಾದರೂ ಹಾಕಬಹುದು. ತೆರೆಯಬೇಕಾದರೆ ಮಾತ್ರ ಆ ಎರಡು ಅವಿಭಾಜ್ಯಗಳು ತಿಳಿದಿರಬೇಕು. ಅಂತರಜಾಲದಲ್ಲಿ ಹಣದ ವ್ಯವಹಾರಗಳನ್ನೂ ಗೋಪ್ಯ ಸಂದೇಶಗಳನ್ನೂ ಕಾಪಾಡಲು ಈ ವಿಧಾನ ವ್ಯಾಪಕವಾಗಿ ಬಳಕೆಗೆ ಬಂದಿತು. ಕೋಲ್ ಅವರ ಮೂರು ವರ್ಷಗಳ ಭಾನುವಾರಗಳ ಕಷ್ಟವೇ ಇಲ್ಲಿ ಕಾವಲುಗಾರನಾಗಿ ನಿಂತಿದೆ.

ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂಬುದನ್ನು ಮಿತವಾದ ಕಾಲದಲ್ಲಿ ಯಾವ ಸಂದೇಹಕ್ಕೂ ಎಡೆಯಿಲ್ಲದಂತೆ ನಿರ್ಣಯಿಸುವ ಸಾಮಾನ್ಯ ವಿಧಾನವನ್ನು 2002ರಲ್ಲಿ ಕಂಡುಹಿಡಿದವರು ಭಾರತೀಯರು. ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಮಣೀಂದ್ರ ಅಗರ್ವಾಲ್ ಮತ್ತು ಅವರ ಶಿಷ್ಯರಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅವರಿಂದ ಈ ಸಾಧನೆಯಾಯಿತು. 2024ರ ಅಕ್ಟೋಬರಿನಲ್ಲಿ ಮರ್ಸೆನ್ ಕುಲದ ಮತ್ತೊಂದು ಅವಿಭಾಜ್ಯ ಬೆಳಕಿಗೆ ಬಂದಿತು. ಅದುವರೆಗೆ ತಿಳಿದಿದ್ದ ಅವಿಭಾಜ್ಯಗಳಲ್ಲೆಲ್ಲ ಅದೇ ದೊಡ್ಡದು. ಎರಡರ 13,62,79,841ನೆಯ ಘಾತದಿಂದ ಒಂದನ್ನು ಕಳೆದರೆ ಬರುವ ಆ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. ಕ್ಷಣಕ್ಕೊಂದು ಅಂಕಿಯಂತೆ ಹಗಲಿರುಳೂ ಓದಿದರೆ ಮುಗಿಸಲು ಒಂದು ವರ್ಷ ಮೂರು ತಿಂಗಳಿಗೂ ಹೆಚ್ಚು ಕಾಲ ಬೇಕು. ಅದಕ್ಕಿಂತ ದೊಡ್ಡ ಅವಿಭಾಜ್ಯ ಇದೆಯೆಂದು ಯೂಕ್ಲಿಡನು ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಹೇಳಿಟ್ಟಿದ್ದಾನೆ.

ಇಂಥ ಸಂಖ್ಯೆಗಳ ಒಲವು ದೂರದ ದೇಶಗಳವರಿಗೆ ಮಾತ್ರ ಮೀಸಲಾದುದಲ್ಲ. 1933ರ ಆಗಸ್ಟ್ 18ರಂದು ಮಂಡ್ಯದಲ್ಲಿ ಜನಿಸಿದ ಕೆ. ರಾಮಚಂದ್ರ ಅವರು ಹದಿಮೂರನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಹಾರ್ಡಿಯವರು ಬಂದ ಬಾಡಿಗೆ ಕಾರಿನ 1729 ಎಂಬ ಸಂಖ್ಯೆಯಲ್ಲಿ ರಾಮಾನುಜನ್ನರು ವಿಶೇಷವನ್ನು ಕಂಡ ಕಥೆ ಅವರ ಮನಸ್ಸನ್ನು ಸೆರೆಹಿಡಿದಿತ್ತು. ಕಾಲೇಜಿನಲ್ಲಿ ಒಬ್ಬರ ಕಾರಿನ ಸಂಖ್ಯೆ 3430 ಆಗಿತ್ತು. ಅದರಲ್ಲಿ ಏನು ವಿಶೇಷವಿದೆಯೆಂದು ಹುಡುಕುತ್ತ ಹೊರಟ ರಾಮಚಂದ್ರರು ಪಕ್ಕದ 3435ನ್ನು ಮುಟ್ಟಿದರು. ಅದರ ಪ್ರತಿಯೊಂದು ಅಂಕಿಯನ್ನೂ ಅದೇ ಅಂಕಿಯಷ್ಟು ಘಾತಕ್ಕೆ ಏರಿಸಿ ಕೂಡಿಸಿದರೆ, 27, 256, 27, 3,125 ಸೇರಿ ಮತ್ತೆ 3,435 ಆಗುತ್ತದೆ. ನಾಲ್ಕು ಅಂಕಿಗಳ ಸಂಖ್ಯೆಗಳಲ್ಲಿ ಈ ಗುಣವುಳ್ಳದ್ದು ಅದೊಂದೇ.

ಹೊಟ್ಟೆಪಾಡಿಗಾಗಿ ರಾಮಚಂದ್ರರು ತಂದೆ ದುಡಿಯುತ್ತಿದ್ದ ಮಿನರ್ವ ಗಿರಣಿಯಲ್ಲಿಯೇ ಗುಮಾಸ್ತರಾಗಿ ಕೆಲಸ ಮಾಡಿದರು. ಗಿರಣಿಯ ಲೆಕ್ಕಕ್ಕೂ ಸಂಖ್ಯಾಶಾಸ್ತ್ರಕ್ಕೂ ಸಂಬಂಧವಿರಲಿಲ್ಲ. ಆದರೂ ಬಿಡುವಿನ ವೇಳೆಯಲ್ಲಿ ಅವರು ಆ ಶಾಸ್ತ್ರವನ್ನು ತಾವಾಗಿಯೇ ಅಭ್ಯಾಸ ಮಾಡಿದರು. ಮುಂದೆ ಬೆಂಗಳೂರಿನ ಬಿ. ಎಂ. ಎಸ್. ಇಂಜಿನಿಯರಿಂಗ್ ಕಾಲೇಜಿನಲ್ಲಿ ಅಧ್ಯಾಪಕರಾದರು. 1958ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿ, ಕೆ. ಜಿ. ರಾಮನಾಥನ್ ಅವರ ಮಾರ್ಗದರ್ಶನದಲ್ಲಿ 1965ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಹತ್ತಿರ ಹತ್ತಿರದ ಸಂಖ್ಯೆಗಳ ಗುಂಪಿನಲ್ಲಿ ದೊಡ್ಡ ಅವಿಭಾಜ್ಯ ಅಪವರ್ತನವುಳ್ಳ ಸಂಖ್ಯೆ ಇದ್ದೇ ಇರುತ್ತದೆಯೇ ಎಂಬ ಪ್ರಶ್ನೆಯ ಮೇಲೆ ಅವರು 1969ರಲ್ಲಿ ಪ್ರಕಟಿಸಿದ ಲೇಖನ ಮುಂದಿನ ಅನೇಕರ ಸಂಶೋಧನೆಗೆ ದಾರಿಯಾಯಿತು. 1978ರಲ್ಲಿ ಅವರು ಆರ್. ಬಾಲಸುಬ್ರಹ್ಮಣ್ಯನ್ ಅವರೊಡನೆ ‘ಹಾರ್ಡಿ–ರಾಮಾನುಜನ್ ಜರ್ನಲ್’ ಎಂಬ ಪತ್ರಿಕೆಯನ್ನು ಆರಂಭಿಸಿದರು. ನಿವೃತ್ತಿಯ ನಂತರವೂ ಬೆಂಗಳೂರಿನಲ್ಲಿ ಸಂಶೋಧನೆಯನ್ನು ಮುಂದುವರಿಸಿ, 2011ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡರು. ಗಿರಣಿಯ ಗುಮಾಸ್ತೆಯ ಮೇಜಿನಿಂದ ಅವಿಭಾಜ್ಯಗಳ ಶಿಖರದವರೆಗೆ ಅವರನ್ನು ಕರೆದೊಯ್ದದ್ದು ಹಣವೂ ಅಲ್ಲ, ಅನುಕೂಲವೂ ಅಲ್ಲ. ಕಾರಿನ ಹಲಗೆಯ ಮೇಲಿನ ಅಂಕಿಗಳನ್ನು ಕಂಡರೂ ‘ಇದರಲ್ಲೇನಿದೆ?’ ಎಂದು ಕೇಳುವ ಕುತೂಹಲ.

ಮಹಾವೀರಾಚಾರ್ಯನಿಗೆ ಹಾರವಾಗಿ ಕಂಡದ್ದು, ಕೋಲ್ ಅವರಿಗೆ ಭಾನುವಾರಗಳ ತಪಸ್ಸಾದದ್ದು, ರಾಮಚಂದ್ರರಿಗೆ ಬಡತನದಲ್ಲಿಯೂ ಜೊತೆಗಿದ್ದದ್ದು ಈ ಕುತೂಹಲವೇ. ಅದಕ್ಕೆ ದೊಡ್ಡ ಯಂತ್ರಗಳು ಮೊದಲಿಗೆ ಬೇಕಾಗಿಲ್ಲ. ಐಮಂಗಲದ ಅಂಗಳದ ಬಾಲಕನ ಮುಂದೆ ಹದಿಮೂರು ಶೇಂಗಾ ಬೀಜಗಳು ಒಂದೇ ಸಾಲಿನಲ್ಲಿವೆ. ಅವನು ಇನ್ನೊಂದು ಬೀಜವನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಹದಿನಾಲ್ಕು, ಎರಡು ಸಾಲುಗಳಾದವು. ಹದಿನೈದು, ಮೂರು ಸಾಲುಗಳಾದವು. ಹದಿನಾರು, ನಾಲ್ಕಾದವು. ಹದಿನೇಳು. ಅವನ ಕೈ ಮತ್ತೆ ತಡೆಯುತ್ತದೆ. ಅಲ್ಲಿ ಗಣಿತ ಆರಂಭವಾಗುತ್ತದೆ.

ಶಬ್ದಾರ್ಥ

ನಿಶ್ಶೇಷ – ಏನೂ ಉಳಿಯದಂತೆ
ಅಪವರ್ತನ – ಒಂದು ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆ
ಗುಣಲಬ್ಧ – ಗುಣಿಸಿದಾಗ ಬರುವ ಸಂಖ್ಯೆ
ಘಾತ – ಒಂದು ಸಂಖ್ಯೆಯನ್ನು ಅದರಿಂದಲೇ ಎಷ್ಟು ಸಲ ತೆಗೆದುಕೊಂಡು ಗುಣಿಸಿದೆ ಎಂಬುದರ ಸೂಚನೆ
ವಿರಳ – ಅಪರೂಪ, ದಟ್ಟವಲ್ಲದ
ಆಕಸ್ಮಿಕ – ಕಾರಣವಿಲ್ಲದೆ ಒದಗಿದ್ದು

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಅವಿಭಾಜ್ಯ ಸಂಖ್ಯೆ ಎಂದರೇನು?
2. ‘ಗಣಿತಸಾರಸಂಗ್ರಹ’ವನ್ನು ರಚಿಸಿದವನು ಯಾರು? ಯಾರ ಕಾಲದಲ್ಲಿ?
3. ರಾಮಚಂದ್ರರು 3435ರಲ್ಲಿ ಕಂಡ ವಿಶೇಷವೇನು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂಬುದನ್ನು ಯೂಕ್ಲಿಡನು ಹೇಗೆ ತೋರಿಸಿದನು?
2. ಒಂದುಗಳ ಎಣಿಕೆ ಭಾಜ್ಯವಾದರೆ ಸಂಖ್ಯೆಯೂ ಭಾಜ್ಯವಾಗುವುದೇಕೆ? ಒಂಬತ್ತು ಒಂದುಗಳನ್ನು ಉದಾಹರಿಸಿ ವಿವರಿಸಿರಿ.
3. ‘ಕಟ್ಟುವುದು ಸುಲಭ, ಬಿಚ್ಚುವುದು ಕಷ್ಟ’ – ಈ ಮಾತು ಪಾಠದಲ್ಲಿ ಯಾವ ಸಂದರ್ಭದಲ್ಲಿ ಬಂದಿದೆ? ಅದರ ಸ್ವಾರಸ್ಯವನ್ನು ತಿಳಿಸಿರಿ.

ಇ. ಮಾಡಿ ನೋಡಿರಿ.
ಹನ್ನೊಂದು ಒಂದುಗಳ ಅಪವರ್ತನಗಳಾದ 21,649 ಮತ್ತು 5,13,239ನ್ನು 22ರಿಂದ ಭಾಗಿಸಿ, ಪಾಠದಲ್ಲಿ ಹೇಳಿದ ನಿಯಮವನ್ನು ಪರೀಕ್ಷಿಸಿರಿ.